ಕ್ರೇನ್ ಇಲ್ದೆ ಹಳ್ಳಕ್ಕೆ ಸೇತುವೆ ತಳ್ಳಿದ್ದು, ನನ್ನ ಅನುಭವ

ವಯಸ್ಸು 75 ದಾಟಿದ್ಮೇಲೆ ಇವನಿಗ್ಯಾಕೆ ವೆಲ್ಡಿಂಗು ಅಂತ ಊರಲ್ಲಿ ಅನ್ನದೇ ಇದ್ದೋರಿಲ್ಲ. ಕೊರಟಗೆರೆ ಕಡೆ ನಮ್ಮ ತೋಟಕ್ಕೂ ಊರಿಗೂ ಮಧ್ಯೆ 36 ಅಡಿ ಅಗಲದ ಹಳ್ಳ ಇದೆ, ಮಳೆ ಜೋರಾದ್ರೆ ಅಡಿಕೆ ಗೊನೆ ಇರ್ಲಿ ಮನುಷ್ಯರೂ ದಾಟಂಗಿಲ್ಲ. ಈಗ ಅದರ ಮೇಲೆ 40 ಅಡಿ ಕಬ್ಬಿಣದ ಸೇತುವೆ ಇದೆ, ನೀರೊಳಗೆ ಒಂದು ಕಂಬ ಇಲ್ಲ. ಮುಂಗಾರು ಹಿಂಗಾರು ಎರಡೂ ಕಳೀತು, ಏನೂ ಆಗಿಲ್ಲ, ಅದಕ್ಕೇ ಬರೀತಿದೀನಿ.

ವಿದ್ಯೆ ಬೆಂಗಳೂರು ಎಂಇಜಿದು, ಅಂದ್ರೆ ಸೇನೆಯ ಮದ್ರಾಸ್ ಇಂಜಿನಿಯರ್ ಗ್ರೂಪ್‌ದು. 1969ರಲ್ಲಿ ಸೇರ್ದಾಗ ಬೈಲಿ ಪ್ಯಾನೆಲ್ ಹೊರೋದೇ ಕೆಲಸ. ಬೈಲಿ ಅಂದ್ರೆ ಕಬ್ಬಿಣದ ಚೌಕಟ್ಟುಗಳನ್ನ ಪಿನ್ ಹಾಕಿ ಜೋಡಿಸೋ ಮಿಲ್ಟ್ರಿ ಸೇತುವೆ, ಆ ಚೌಕಟ್ಟೇ ಪ್ಯಾನೆಲ್, ಒಂದೊಂದು 10 ಅಡಿ ಉದ್ದ, ಹತ್ರ ಹತ್ರ 260 ಕೆಜಿ, ಆರು ಜನ ಹೊರಬೇಕು. 71ರ ಡಿಸೆಂಬರಲ್ಲಿ ಪಾಕಿಸ್ತಾನದ ಯುದ್ಧದಾಗ ಬಸಂತರ್ ನದಿ ಹತ್ರ ನಮ್ಮ ಮದ್ರಾಸ್ ಸ್ಯಾಪರ್ಸ್ (ಎಂಇಜಿಯವರಿಗೇ ಇರೋ ಇನ್ನೊಂದು ಹೆಸರು) ಕತ್ತಲಲ್ಲೇ ಮೈನ್ ತೆಗೆದು ಟ್ಯಾಂಕಿಗೆ ದಾರಿ ಬಿಡಿಸಿದ್ವಿ, ಅದನ್ನ ಬರೆಯೋಕೆ ಕೂತ್ರೆ ಇದು ಮುಗಿಯಲ್ಲ. ಕೈಗೆ ಸಿಕ್ಕ ಯಾವ ಪ್ಯಾನೆಲ್ ಆದ್ರೂ ಯಾವುದಕ್ಕಾದ್ರೂ ಕೂರ್ಬೇಕು ಅನ್ನೋ ಪಾಠ ಮಾತ್ರ ಪೆನ್ಷನ್ ಬಂದ್ಮೇಲೆ ಮೋರಿ, ರಸ್ತೆ ಕಾಂಟ್ರಾಕ್ಟಲ್ಲಿ ಸೈಟ್ ಇಂಜಿನಿಯರ್ ಆಗಿ 20 ವರ್ಷ ದುಡಿದಾಗಲೂ ಕೈ ಬಿಡ್ಲಿಲ್ಲ.

ಕಾಂಕ್ರೀಟ್ ಸೇತುವೆಗೆ ಒಬ್ರು ಎಸ್ಟಿಮೇಟ್ ಕೊಟ್ರು, 9 ಲಕ್ಷದ ಮೇಲೆ. ನಾನು ಬೈಲಿದೇ ಚಿಕ್ಕ ಅಳತೆ ಮಾಡ್ದೆ, ಪ್ಯಾನೆಲ್ 5 ಅಡಿ ಉದ್ದ, ಎರಡೂವರೆ ಅಡಿ ಎತ್ತರ, 50x50 ಎಂಎಂ ಆಂಗ್ಲರ್ (L ಆಕಾರದ ಕಬ್ಬಿಣದ ಪಟ್ಟಿ), ತೂಕ 30 ಕೆಜಿ ಆಸುಪಾಸು, ಒಬ್ಬನೇ ಎತ್ತಬಹುದು. ಸೇತುವೆಯ ಒಂದೊಂದು ಕಡೆಗೆ ಎಂಟು ಪ್ಯಾನೆಲ್. ಕಬ್ಬಿಣ ಎಲ್ಲ ತುಮಕೂರು ಗುಜರಿದು, ಕೆಜಿ 45-50 ಬಿತ್ತು. ಮೊದಲ್ನೇ ವೆಲ್ಡರ್ ಟೇಪ್ ಹಿಡಿದು ಒಂದೊಂದಾಗಿ ಮಾಡ್ದ, ನಾಲ್ಕು ಪ್ಯಾನೆಲ್ ಜೋಡಿಸೋ ಹೊತ್ತಿಗೆ ಪಿನ್ ತೂತೇ ಸೇರ್ತಿಲ್ಲ, ಸುತ್ತಿಗೇಲಿ ಹೊಡೆದ್ರೆ ಟ್ರಸ್ಸೇ (ಪ್ಯಾನೆಲ್ ಜೋಡಿಸಿದ ಸಾಲು) ಬಾಳೆಕಾಯಿ ಥರ ಬಗ್ತು. ಹತ್ತು ಸಾವಿರ ನೀರುಪಾಲು. ಆಮೇಲೆ ಹಳೇ ಕಬ್ಬಿಣದ ಚಾನಲ್ ಮೇಲೆ ಜಿಗ್, ಅಂದ್ರೆ ಎಲ್ಲ ಪ್ಯಾನೆಲ್ಲೂ ಒಂದೇ ಅಳತೆ ಬರೋಕೆ ಅಚ್ಚು, ಕಟ್ಟಿಸಿ, ತೂತಿನ ಜಾಗದಲ್ಲಿ ಪಿನ್ ನಿಲ್ಸಿ, ಮೊದಲು ಲಗ್ (ಪಿನ್ ತೂತಿರೋ ಕಿವಿ) ಕೂರ್ಸಿ ಆಮೇಲೆ ಆಂಗ್ಲರ್ ಅಂಟಿಸೋ ಹಂಗೆ ಮಾಡಿದ್ವಿ. ವೆಲ್ಡಿಂಗ್ ಬಿಸಿಗೆ ಎಳೆಯುತ್ತಲ್ಲ, ಪೂರ್ತಿ ತಣ್ಣಗಾಗೋ ತನಕ ಜಿಗ್‌ನಿಂದ ಬಿಚ್ಚಬಾರ್ದು. ಯಾವ ಮೂಲೆಯಿಂದ ಟ್ಯಾಕ್ (ಮೊದಲು ಹಾಕೋ ಚುಕ್ಕೆ ವೆಲ್ಡ್) ಶುರು ಮಾಡ್ಬೇಕು ಅನ್ನೋದು ನಮ್ಮ ಹತ್ರ ಇರ್ಲಿ. ಲೇತಿನವರು ಕೊಟ್ಟ ಎಂಎಸ್ (ಮೆದು ಉಕ್ಕು) ಪಿನ್ ಬಗ್ತು, ಇಎನ್ 8 ಅನ್ನೋ ಗಟ್ಟಿ ಉಕ್ಕಿಗೆ ಹೋದ್ಮೇಲೆ ಆ ತಲೆನೋವಿಲ್ಲ.

ಮಧ್ಯೆ ಡೆಕ್ಕಿಗೆ, ಅಂದ್ರೆ ಮೇಲೆ ನಡೆಯೋ ಜಾಗಕ್ಕೆ, ಅಡಿಕೆ ಮರದ ದಬ್ಬೆ ಹಾಕಿ ನೋಡಿದ್ದೂ ಆಯ್ತು. ನೋಡೋಕೆ ಬಲು ಚೆನ್ನ, ಆದ್ರೆ ಗೆದ್ದಲು ಬಿಡ್ಲಿಲ್ಲ, ವೇಸ್ಟ್ ಆಯಿಲ್ ಬಳಿದ್ರೆ ಕಾಲು ಜಾರುತ್ತೆ. ಕೊನೆಗೆ ಹಳೇ ಚೆಕ್ಕರ್ ಪ್ಲೇಟೇ ಗತಿ. ಅಡಿಕೆ ದಬ್ಬೆ ಉಪ್ಪುನೀರಲ್ಲಿ ನೆನೆಸಿ ಇನ್ನೂ ಒಂದು ಪ್ರಯೋಗ ನಡೀತಿದೆ.

ತಳ್ಳೋ ದಿನ ಯಾರೂ ಬರ್ತಿರ್ಲಿಲ್ಲ, "ಮಿಲ್ಟ್ರಿ ತಾತ ವಿಶ್ವೇಶ್ವರಯ್ಯ ಆಗಕ್ಕೆ ಹೊರಟವ್ನೆ" ಅಂತಿದ್ರು. ಅವರೆಲ್ಲ 2024ರಲ್ಲಿ ವಯನಾಡ್ ಚೂರಲ್ಮಲದಲ್ಲಿ ನಮ್ಮ ಎಂಇಜಿಯವರೇ 190 ಅಡಿ ಬೈಲಿ ಹಾಕಿದ್ದನ್ನ ಟಿವೀಲಿ ನೋಡಿದ್ರು, ಅದನ್ನ ನೆನಪಿಸಿದ್ಮೇಲೆ ಹದಿನೈದು ಹುಡುಗ್ರು ಬಂದ್ರು. ಸೇತುವೆ ಮುಂದಕ್ಕೆ ಐದು ಪ್ಯಾನೆಲ್ ಮೂಗು, ಅಂದ್ರೆ ಸೇತುವೆಗಿಂತ ಮೊದಲು ಆ ದಡ ಮುಟ್ಟೋಕೆ ತುದೀಲಿ ಸಿಕ್ಕಿಸೋ ಚೌಕಟ್ಟು, ಅದು 40x40 ಆಂಗ್ಲರ್, ಹಗುರ. ತಳ್ಳೋವಾಗ ಡೆಕ್ ಪ್ಲೇಟ್ ಒಂದೂ ಹಾಕಿರ್ಬಾರ್ದು, ಮೂಗು ಆ ದಡ ಮುಟ್ಟೋವರೆಗೂ ಭಾರದ ನಡು ರೋಲರ್ ಹಿಂದೇನೇ ಇರ್ಬೇಕು, ಬಾಲಕ್ಕೆ ಮರಳು ಮೂಟೆ. ರೋಲರ್ ಅಂದ್ರೆ ಗುಜರೀಲಿ ಸಿಕ್ಕ ಹಿಟಾಚಿ ಟ್ರ್ಯಾಕ್ ರೋಲರ್. ಮೊದಲ್ನೇ ಸಲ ಎಡಗಡೆ ರೋಲರ್ ಮರಳಲ್ಲಿ ಕೂತು ಇಡೀ ಸೇತುವೆ ವಾಲ್ತು, ಹಿಂದಕ್ಕೆ ಎಳ್ಕೊಂಡು ಸೈಜುಗಲ್ಲು ಹಾಸಿ ಅದರ ಮೇಲೆ ರೈಲ್ವೆ ಸ್ಲೀಪರ್ ಇಟ್ವಿ. ಮೂಗಿನ ತುದಿ ಜೋತು ಬೀಳ್ದೇ ಇರ್ಲಿ ಅಂತ ಕೆಳಗಿನ ಜಾಯಿಂಟಲ್ಲಿ ಒಂದು ಲಿಂಕ್ ಹಾಕಿ ಮೇಲಕ್ಕೆತ್ತೋದು, ಅದರ ಅಳತೆ ಬೇಕಾದೋರು ತೋಟಕ್ಕೇ ಬಂದು ನೋಡ್ಬೇಕು. ಎರಡ್ನೇ ಸಲ ಕೈಯಲ್ಲೇ ತಳ್ಳಿದ್ದು, ಅರ್ಧ ಗಂಟೇಲಿ ಆ ದಡ. ಎಪ್ಪತ್ತೈದು ದಾಟಿದ ಮೈಯಲ್ಲಿ ಆವತ್ತು ಹಳೇ ತಂಬಿ (ಸೇನೇಲಿ ಎಂಇಜಿಯವರನ್ನ ಕರೆಯೋ ಹೆಸರು) ಎದ್ದು ಕೂತಿದ್ದ!

ನೀರು ತುಂಬಿದ ಹತ್ತು ಡ್ರಮ್ ಇಟ್ಟು ನೋಡಿದ್ವಿ, ಎರಡು ಟನ್, ಮುಕ್ಕಾಲು ಇಂಚು ಬಗ್ಗಿ ವಾಪಸ್ ಬಂತು. ಹಾಳಾಗಿದ್ದೂ ಸೇರಿ ಒಟ್ಟು ಖರ್ಚು 1 ಲಕ್ಷ 30 ಸಾವಿರದ ಸುತ್ತ. ಪಕ್ಕದೂರಿನವರಿಗೆ 50 ಅಡಿ ಬೇಕಂತೆ, ಅದಕ್ಕೆ ಸಿಂಗಲ್ ಟ್ರಸ್ ಸಾಲಲ್ಲ, ಒಂದೊಂದು ಕಡೆಗೆ ಎರಡೆರಡು ಹಾಕ್ಬೇಕು, ಜಿಗ್ ಮಾತ್ರ ಅದೇ.