ಒಂದೇ ಹೆಸರಿನ ಇಬ್ಬರು ಸೈನಿಕರು: ಗಂಟು ಬಿಡಿಸಿದ್ದು ಹೀಗೆ

ಅಮೆರಿಕದ ಸ್ವಾತಂತ್ರ್ಯ ಯುದ್ಧ, ವರ್ಜೀನಿಯಾದ ಒಂದೇ ಕೌಂಟಿ, ಒಂದೇ ಹೆಸರಿನ ಇಬ್ಬರು. ಸೇನೆಯ ಹಾಜರಿ ಪಟ್ಟಿಯಲ್ಲಿ ಹೆಸರು, ಹುದ್ದೆ, ತುಕಡಿ ಬಿಟ್ಟರೆ ಹೆಚ್ಚೇನೂ ಸಿಗದು. ಅದನ್ನೇ ನೆಚ್ಚಿಕೊಂಡಿದ್ದಕ್ಕೆ ವಂಶವೃಕ್ಷದಲ್ಲಿ ಇಬ್ಬರೂ ಒಬ್ಬನೇ ಆಗಿಬಿಟ್ಟಿದ್ದರು.

ದಾರಿ ತೋರಿಸಿದ್ದು ವಿಧವೆಯ ಪಿಂಚಣಿ ಕಡತ. 1836ರ ಕಾಯ್ದೆಯಂತೆ, ಗಂಡನ ಸೇನಾ ಸೇವೆ ಮುಗಿಯುವ ಮೊದಲೇ ಮದುವೆಯಾಗಿತ್ತೆಂದು ಆಕೆ ರುಜುವಾತು ಮಾಡಬೇಕಿತ್ತು. 1838ರ ಕಾಯ್ದೆ 1794ಕ್ಕೆ ಮೊದಲಿನ ಮದುವೆಗಳನ್ನೂ ಒಪ್ಪಿತು. ಅದಕ್ಕೇ ಈ ಕಡತಗಳಲ್ಲಿ ಮನೆಯ ಬೈಬಲ್‌ನಿಂದ ಕಿತ್ತ, ಮಕ್ಕಳ ಜನ್ಮದಿನ ಬರೆದ ಹಾಳೆಗಳೂ ಸಿಗುತ್ತವೆ. ಈ ಕಡತಗಳ ಚಿತ್ರಪ್ರತಿಯಾದ, ಅಮೆರಿಕದ ರಾಷ್ಟ್ರೀಯ ಪತ್ರಾಗಾರದ ಎಂ804 ಮೈಕ್ರೋಫಿಲ್ಮ್‌ನಲ್ಲಿ ‘ಡಬ್ಲ್ಯೂ’ ಸಂಖ್ಯೆ ವಿಧವೆಯದು, ‘ಎಸ್’ ಸೈನಿಕನದು, ‘ಆರ್’ ತಿರಸ್ಕೃತ ಅರ್ಜಿ. ತಿರಸ್ಕೃತವೆಂದು ‘ಆರ್’ ಬಿಡಬೇಡಿ, ಪ್ರಮಾಣ ಮಾಡಿ ಕೊಟ್ಟ ಹೇಳಿಕೆಗಳು ಅದರಲ್ಲೂ ಇರುತ್ತವೆ.

ಆಮೇಲೆ ಕೌಂಟಿಯ ಮದುವೆ ಮುಚ್ಚಳಿಕೆ, ಅಂದರೆ ಮದುವೆಗೆ ಕಾನೂನಿನ ಅಡ್ಡಿಯಿಲ್ಲವೆಂದು ವರ ಜಾಮೀನಿನೊಂದಿಗೆ ಬರೆದುಕೊಡುತ್ತಿದ್ದ ಪತ್ರ. ಅದರ ತಾರೀಖು ಮದುವೆಯ ದಿನವಲ್ಲ, ಉದ್ದೇಶ ಸಾರಿದ ದಿನ. ಮುಖ್ಯವಾದದ್ದು ಜಾಮೀನುದಾರನ ಸಹಿ. ಅವನು ಎಷ್ಟೋ ಸಲ ಹುಡುಗಿಯ ಅಪ್ಪ ಅಥವಾ ಅಣ್ಣ. ಆ ಜಾಮೀನುದಾರನ ಹೆಸರೇ ಪಿಂಚಣಿ ಸಾಕ್ಷಿಗಳಲ್ಲೂ ಕಂಡಾಗ ಒಬ್ಬ ಸೈನಿಕ ಬೇರೆಯಾದ. ಇನ್ನೊಬ್ಬನ ಹೆಂಡತಿಯ ಹೆಸರೇ ಬೇರೆ, ಅರ್ಜಿಯಲ್ಲಿ ಹೇಳಿದ ಕ್ಯಾಪ್ಟನ್ನೂ ಬೇರೆ.

‘ಜೂನಿಯರ್’ ಎಂದಿದ್ದರೆ ಮಗನೆಂದು ತಿಳಿಯಬೇಡಿ. ಆಗ ಅದು ಊರಿನ ಅದೇ ಹೆಸರಿನವರಲ್ಲಿ ಕಿರಿಯ ಎಂದಷ್ಟೇ. ಹಿರಿಯ ತೀರಿಕೊಂಡರೆ ಆ ಕಿರಿಯನೇ ‘ಸೀನಿಯರ್’.