ಬಯಲುಸೀಮೆಯ ಮನೆಯಲ್ಲಿ ಹವಳದ ತೊಟ್ಟಿ: ಮೊದಲ ಬಾರಿ ಕಟ್ಟುವವರಿಗೆ

ಶಿಡ್ಲಘಟ್ಟದ ನಮ್ಮ ಮನೆಯ ನಡುಮನೆಯಲ್ಲಿ ಮೂರಡಿ ಉದ್ದದ ಗಾಜಿನ ತೊಟ್ಟಿಯೊಂದಿದೆ. ಅದರಲ್ಲಿ ಉಪ್ಪುನೀರು, ಒಂದು ಜೋಡಿ ಕ್ಲೌನ್ ಮೀನು, ಕೆಲವು ಬಸವನಹುಳುಗಳು ಮತ್ತು ಬಂಡೆಗೆ ಅಂಟಿಕೊಂಡು ಬೆಳೆಯುತ್ತಿರುವ ಮೆದು ಹವಳಗಳಿವೆ. ನೋಡಲು ಬಂದವರು ಮೀನಿನ ಬೆಲೆಯನ್ನು ಮೊದಲು ವಿಚಾರಿಸುತ್ತಾರೆ. ಸ್ವಂತಕ್ಕೆ ಇಂಥದ್ದೊಂದನ್ನು ಕಟ್ಟಬೇಕೆಂಬ ಆಸೆಯಿಂದ ಕೇಳುವವರಿಗೆ ಮಾತ್ರ ನಾನು ನೀರಿನ ವಿಷಯದಿಂದಲೇ ಹೇಳತೊಡಗುತ್ತೇನೆ, ಏಕೆಂದರೆ ನಮ್ಮ ಜಿಲ್ಲೆಯಲ್ಲಿ ಹವಳದ ತೊಟ್ಟಿ ಉಳಿಯುವುದೂ ಹಾಳಾಗುವುದೂ ನೀರಿನಿಂದಲೇ.

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಸಾವಿರ ಅಡಿಗೂ ಆಳಕ್ಕಿಳಿದ ಕೊಳವೆ ಬಾವಿಗಳು ಈಗ ಸಾಮಾನ್ಯವಾಗಿವೆ. ಗ್ರಾನೈಟ್ ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತು ಬಂದ ಆ ನೀರಿನಲ್ಲಿ ಗಡಸುತನ ಹೆಚ್ಚು. ಅದರ ಜೊತೆಗೆ ಸಿಲಿಕೇಟ್, ಹಲವು ಕಡೆ ಫ್ಲೋರೈಡ್ ಮತ್ತು ಹೊಲಕ್ಕೆ ಹಾಕಿದ ಗೊಬ್ಬರದಿಂದ ಇಳಿದ ನೈಟ್ರೇಟ್ ಕೂಡ ಇರುತ್ತವೆ. ಸಿಹಿನೀರಿನ ಗಪ್ಪಿ ಮೀನು ಇದನ್ನು ಸಹಿಸಿಕೊಂಡು ಬದುಕಬಹುದು. ಹವಳ ಬದುಕಲಾರದು. ನಾನು ಮೊದಲ ಸಲ ತೊಟ್ಟಿ ತುಂಬಿಸಿದಾಗ ಬೀದಿಯ ಶುದ್ಧ ನೀರಿನ ಘಟಕದಿಂದ ಇಪ್ಪತ್ತು ಲೀಟರಿನ ಕ್ಯಾನುಗಳಲ್ಲಿ ನೀರು ತಂದು, ಅದರಲ್ಲೇ ಉಪ್ಪು ಕಲಸಿದ್ದೆ. ಕುಡಿಯಲು ಒಳ್ಳೆಯದಾಗಿದ್ದ ಆ ನೀರಿನ ಟಿಡಿಎಸ್, ಅಂದರೆ ಅದರಲ್ಲಿ ಕರಗಿದ ಲವಣಗಳ ಅಳತೆ, 85 ಇತ್ತು. ಆರನೆಯ ವಾರಕ್ಕೆ ಮರಳಿನ ಮೇಲೆ ಕಂದು ಪೊರೆ ಹಾಸಿತು. ಮತ್ತೆರಡು ವಾರಕ್ಕೆ ಬಂಡೆಗಳೆಲ್ಲ ಹಸಿರು ಕೂದಲಿನಂಥ ಪಾಚಿಯಿಂದ ಮುಚ್ಚಿಹೋದವು. ಕೈಯಿಂದ ಕಿತ್ತಷ್ಟೂ ಅದು ಮತ್ತೆ ಬೆಳೆಯಿತು, ಏಕೆಂದರೆ ಆವಿಯಾದ ನೀರಿಗೆ ಬದಲಾಗಿ ದಿನವೂ ನಾನು ಸುರಿಯುತ್ತಿದ್ದ ನೀರೇ ಅದಕ್ಕೆ ಗೊಬ್ಬರವಾಗಿತ್ತು. ಕೊನೆಗೆ ತೊಟ್ಟಿಯನ್ನು ಪೂರ್ತಿ ಬರಿದು ಮಾಡಿ ಹೊಸದಾಗಿ ಕಟ್ಟಬೇಕಾಯಿತು.

ಆದ್ದರಿಂದ ತೊಟ್ಟಿಯನ್ನು ಕೊಳ್ಳುವ ಮೊದಲೇ ನೀರಿನ ವ್ಯವಸ್ಥೆ ಮಾಡಿಕೊಳ್ಳಿ. ಆರ್‌ಓ ಯಂತ್ರದಿಂದ ಹೊರಬರುವ ನೀರನ್ನು ಉಳಿದ ಲವಣಗಳನ್ನು ಹಿಡಿದಿಡುವ ಡಿಐ ರೆಸಿನ್ ಹರಳುಗಳು ತುಂಬಿದ ಕೊಳವೆಯ ಮೂಲಕ ಹಾಯಿಸಿ, ಟಿಡಿಎಸ್ ಮೀಟರ್ ಸೊನ್ನೆ ತೋರಿಸಿದ ನೀರನ್ನಷ್ಟೇ ಬಳಸಬೇಕು. ಮನೆಯ ಅಡುಗೆಕೋಣೆಯ ಆರ್‌ಓ ಯಂತ್ರಗಳಲ್ಲಿ ಹಲವಕ್ಕೆ ರುಚಿಗಾಗಿ ಸ್ವಲ್ಪ ಕಚ್ಚಾ ನೀರನ್ನು ಮರಳಿ ಬೆರೆಸುವ ತಿರುಪು ಇರುತ್ತದೆ; ಅಂಥ ಯಂತ್ರವಾದರೆ ಬೆರಕೆಯಾಗುವ ಮೊದಲಿನ ನಳಿಕೆಯಿಂದ ನೀರನ್ನು ತೆಗೆದುಕೊಳ್ಳಬೇಕು. ಬಣ್ಣ ಬದಲಾಗುವ ಬಗೆಯ ರೆಸಿನ್ ಕೊಂಡರೆ ಅದು ಯಾವಾಗ ಮುಗಿಯಿತೆಂಬುದು ಕಣ್ಣಿಗೇ ಕಾಣುತ್ತದೆ. ಆರ್‌ಓ ಯಂತ್ರ ಹೊರಹಾಕುವ ನೀರನ್ನು ದಯವಿಟ್ಟು ಚರಂಡಿಗೆ ಬಿಡಬೇಡಿ. ನೀರಿಗಾಗಿ ಇಷ್ಟು ಪಾಡುಪಡುವ ನಾಡಿನಲ್ಲಿ ಒಂದು ಹವ್ಯಾಸಕ್ಕಾಗಿ ಅದನ್ನು ಚೆಲ್ಲುವುದು ನನ್ನ ಮನಸ್ಸಿಗೆ ಒಪ್ಪದ ಮಾತು. ನಮ್ಮಲ್ಲಿ ಅದನ್ನು ಡ್ರಮ್ಮಿನಲ್ಲಿ ಹಿಡಿದು ಅಂಗಳ ತೊಳೆಯಲು, ಬಚ್ಚಲಿಗೆ ಹಾಕಲು ಬಳಸುತ್ತೇವೆ.

ತೊಟ್ಟಿಯ ಅಳತೆಯ ಬಗ್ಗೆ ಒಂದು ಸಲಹೆ: ಚಿಕ್ಕದರಿಂದ ಆರಂಭಿಸೋಣ ಎಂದುಕೊಳ್ಳಬೇಡಿ. ನೀರು ಕಡಿಮೆಯಾದಷ್ಟೂ ಅದರ ಬಿಸಿ, ಉಪ್ಪು, ಕಲ್ಮಶಗಳು ಬೇಗ ಏರುಪೇರಾಗುತ್ತವೆ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಗೆ ಲೆಕ್ಕದಲ್ಲಿ 190 ಲೀಟರ್ ಹಿಡಿಯುತ್ತದೆ. ಬಂಡೆ, ಮರಳು, ಮೇಲೆ ಬಿಡುವ ಜಾಗವನ್ನು ಕಳೆದರೆ ಸುಮಾರು 160 ಲೀಟರ್ ನೀರು ಉಳಿಯುತ್ತದೆ. ಸ್ಟ್ಯಾಂಡೂ ಸೇರಿ ಒಟ್ಟು ಭಾರ 250 ಕಿಲೋ ದಾಟುವುದರಿಂದ ಗೋಡೆಯ ಬದಿಯಲ್ಲಿ, ಸಮಮಟ್ಟದ ನೆಲದ ಮೇಲೆ, ನೇರ ಬಿಸಿಲು ಬೀಳದ ಕಡೆ ಇಡಬೇಕು. ಪ್ಲಗ್ಗುಗಳು ತೊಟ್ಟಿಯ ಅಂಚಿಗಿಂತ ದೂರದಲ್ಲಿರಲಿ, ಪ್ರತಿ ತಂತಿಯೂ ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಜೋತು ಮೇಲೇರಲಿ. ತಂತಿಯಗುಂಟ ಇಳಿದ ನೀರು ಆ ಜೋತಿನಿಂದ ನೆಲಕ್ಕೆ ತೊಟ್ಟಿಕ್ಕುತ್ತದೆಯೇ ಹೊರತು ಪ್ಲಗ್ಗಿಗೆ ಹೋಗುವುದಿಲ್ಲ. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುವ ಕಾರಣ ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇಲ್ಲದೆ ಈ ಕೆಲಸಕ್ಕೆ ಕೈಹಾಕಲೇಬಾರದು.

ಬಂಡೆಯನ್ನು ಆರಿಸುವಾಗ ಕಾನೂನನ್ನೂ ತಿಳಿದಿರಬೇಕು. ಗಟ್ಟಿ ಅಸ್ಥಿಯಿರುವ ಕಲ್ಲು ಹವಳಗಳು, ಕಪ್ಪು ಹವಳ, ಬೀಸಣಿಗೆಯಂಥ ಗೋರ್ಗೋನಿಯನ್ ಹವಳಗಳು ಮತ್ತು ಸಮುದ್ರಕುದುರೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿವೆ. ನಮ್ಮ ಕಡಲಿನಿಂದ ಕಿತ್ತು ತಂದ ಸತ್ತ ಹವಳದ ತುಂಡನ್ನು ‘ಲೈವ್ ರಾಕ್’ (ಸೂಕ್ಷ್ಮಜೀವಿಗಳು ನೆಲೆಸಿದ ಬಂಡೆ) ಎಂದು ಮಾರಿದರೂ ಅದು ಅಪರಾಧವೇ. ಕಾನೂನು ಹಾಗಿರಲಿ, ಮನೆಯ ಅಂದಕ್ಕಾಗಿ ಕಡಲಿನ ಹವಳದ ದಿಬ್ಬವೊಂದನ್ನು ಒಡೆದು ತರುವುದು ಹವಳವನ್ನು ಪ್ರೀತಿಸುವವರು ಮಾಡುವ ಕೆಲಸವಲ್ಲ. ಸೆರಾಮಿಕ್ಕಿನಿಂದ ತಯಾರಿಸಿದ ರಂಧ್ರಭರಿತ ಕೃತಕ ಬಂಡೆಗಳು ಸಿಗುತ್ತವೆ. 12ರಿಂದ 15 ಕಿಲೋ ಸಾಕು. ತಳಕ್ಕೆ ಅರಾಗೊನೈಟ್ ಎಂಬ ಸುಣ್ಣದಂಶದ ಮರಳನ್ನು ಒಂದು ಅಂಗುಲ ಹಾಸಿರಿ. ಎಂ-ಸ್ಯಾಂಡ್, ಹೊಳೆಯ ಮರಳು, ಪ್ರವಾಸ ಹೋದಾಗ ಕಡಲತೀರದಿಂದ ತುಂಬಿಕೊಂಡು ಬಂದ ಮರಳು ಇವು ಯಾವುವೂ ಬೇಡ.

ಅಡುಗೆಯ ಉಪ್ಪು ಇಲ್ಲಿ ಉಪಯೋಗಕ್ಕೆ ಬಾರದು. ಅದರಲ್ಲಿ ಹವಳಕ್ಕೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಷಿಯಂಗಳಿಲ್ಲ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ರೀಫ್ ಉಪ್ಪನ್ನು ಲೀಟರಿಗೆ ಸುಮಾರು 36 ಗ್ರಾಮಿನಂತೆ, ಅಂದರೆ ಈ ತೊಟ್ಟಿಗೆ ಆರು ಕಿಲೋದಷ್ಟು, ತೂಗಿ ಹಾಕಬೇಕು. ಡ್ರಮ್ಮಿನಲ್ಲಿ ಮೊದಲು ನೀರು ತುಂಬಿ, ಪಂಪು ತಿರುಗುತ್ತಿರುವಾಗ ಉಪ್ಪನ್ನು ಸ್ವಲ್ಪಸ್ವಲ್ಪವಾಗಿ ಬೀಳಿಸಿ. ಉಪ್ಪಿನ ಮೇಲೆ ನೀರು ಸುರಿದರೆ ಕ್ಯಾಲ್ಸಿಯಂ ಸುಣ್ಣವಾಗಿ ತಳಕ್ಕೆ ಕೂರುತ್ತದೆ. ಒಂದು ದಿನ ಕಲಸಿದ ಮೇಲೆ ಉಪ್ಪಿನ ಪ್ರಮಾಣ ತೋರಿಸುವ ರಿಫ್ರ್ಯಾಕ್ಟೋಮೀಟರಿನಲ್ಲಿ ಅಳೆಯಿರಿ. ಅದರ ಗಾಜಿನ ಮೇಲೆ ಎರಡು ಹನಿ ನೀರು ಬಿಟ್ಟು, ಮುಚ್ಚಳವನ್ನು ಗುಳ್ಳೆ ನಿಲ್ಲದಂತೆ ಮೆಲ್ಲನೆ ಇಳಿಸಿ, ಅರ್ಧ ನಿಮಿಷ ತಡೆದು, ಕಿಟಕಿಯ ಬೆಳಕಿಗೆ ಹಿಡಿದು ಕಣ್ಣಿಟ್ಟರೆ ಒಳಗೆ ನೀಲಿ ಮತ್ತು ಬಿಳಿ ಬಣ್ಣಗಳು ಒಂದು ಗೆರೆಯಲ್ಲಿ ಕೂಡುತ್ತವೆ. ಆ ಗೆರೆ 35ರ ಗುರುತಿಗೆ ಸರಿಯಾಗಿ ನಿಲ್ಲಬೇಕು, ಅಂದರೆ ಸಾವಿರ ಭಾಗದಲ್ಲಿ 35 ಭಾಗ ಉಪ್ಪು. ಉಪಕರಣವನ್ನು ಬರಿಯ ನೀರಿನಿಂದ ಸರಿಹೊಂದಿಸುವುದಕ್ಕಿಂತ 35ರ ಅಳತೆಯ ದ್ರಾವಣದಿಂದಲೇ ಸರಿಹೊಂದಿಸುವುದು ಹೆಚ್ಚು ನಂಬಿಕೆಗೆ ಅರ್ಹ.

ಯಂತ್ರಗಳ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. ನೀರನ್ನು ಬೇರೆಬೇರೆ ದಿಕ್ಕಿಗೆ ತಳ್ಳಲು ಎರಡು ವೇವ್‌ಮೇಕರ್, 150ರಿಂದ 200 ವ್ಯಾಟಿನ ಹೀಟರ್, ನೀಲಿಯನ್ನೂ ಬಿಳಿಯನ್ನೂ ಬೇರೆಯಾಗಿ ಹೊಂದಿಸಬಲ್ಲ ಎಲ್‌ಇಡಿ ದೀಪ, ಜೊತೆಗೊಂದು ಪ್ರೋಟೀನ್ ಸ್ಕಿಮ್ಮರ್ ಇದ್ದರೆ ಸಾಕು. ಸ್ಕಿಮ್ಮರ್ ನೀರಿನಲ್ಲಿ ಅತಿ ಸಣ್ಣ ಗುಳ್ಳೆಗಳನ್ನು ಎಬ್ಬಿಸುತ್ತದೆ. ಮೀನಿನ ಹೊಲಸು ಕೊಳೆಯುವ ಮೊದಲೇ ಗುಳ್ಳೆಗಳಿಗೆ ಅಂಟಿ, ಡಿಕಾಕ್ಷನ್ ಬಣ್ಣದ ನೊರೆಯಾಗಿ ಮೇಲಿನ ಬಟ್ಟಲಿಗೆ ಏರುತ್ತದೆ.

ಇಷ್ಟಾದ ಮೇಲೆ ಮೀನು ಬಿಡದೆ ಕಾಯುವ ಕಾಲ ಬರುತ್ತದೆ. ಬಂಡೆಯ ರಂಧ್ರಗಳಲ್ಲಿ ಎರಡು ಬಗೆಯ ಬ್ಯಾಕ್ಟೀರಿಯಾ ನೆಲೆಯೂರಬೇಕು: ಒಂದು ಮೀನಿನ ಹೊಲಸಿನಿಂದ ಹುಟ್ಟುವ ವಿಷವಾದ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ನೈಟ್ರೈಟನ್ನು ಅಷ್ಟಾಗಿ ಹಾನಿ ಮಾಡದ ನೈಟ್ರೇಟ್ ಮಾಡುತ್ತದೆ. ಅಮೋನಿಯಂ ಕ್ಲೋರೈಡ್ ದ್ರಾವಣದಿಂದ ನೀರಿನ ಅಮೋನಿಯಾವನ್ನು 2 ಪಿಪಿಎಂಗೆ (ಹತ್ತು ಲಕ್ಷ ಭಾಗದಲ್ಲಿ ಎರಡು ಭಾಗಕ್ಕೆ) ತಂದು, ದೀಪ ಹಚ್ಚದೆ, ಎರಡು ದಿನಕ್ಕೊಮ್ಮೆ ಪರೀಕ್ಷಿಸಿ. ಟೆಸ್ಟ್ ಕಿಟ್ಟಿನ ನಳಿಕೆಯಲ್ಲಿ ಮೊದಲು ಕಡು ಹಸಿರು ಕಾಣುತ್ತದೆ, ವಾರಗಳು ಕಳೆದಂತೆ ಅದು ತಿಳಿಯಾಗಿ ನಿಂಬೆಹಣ್ಣಿನ ಹಳದಿಗೆ ಇಳಿಯುತ್ತದೆ. ಮತ್ತೆ 2 ಪಿಪಿಎಂ ಹಾಕಿದರೂ 24 ಗಂಟೆಯೊಳಗೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾದರೆ ತೊಟ್ಟಿ ಸಿದ್ಧವಾಯಿತೆಂದು ತಿಳಿಯಿರಿ. ಇದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಆಮೇಲೆ ಮೂರನೆಯ ಒಂದು ಭಾಗ ನೀರನ್ನು ಬದಲಿಸಿ.

ರೇಷ್ಮೆ ಹುಳು ಸಾಕುವ ಮನೆಯವರಿಗೆ ಮುಂದಿನ ಶಿಸ್ತು ಹೊಸದಲ್ಲ. ಕೊನೆಯ ಹಂತದ ಹುಳುವಿಗೆ 24–25 ಡಿಗ್ರಿ ಕಾಯುವಂತೆ ಇಲ್ಲಿಯೂ 25–26 ಡಿಗ್ರಿ ಕಾಯಬೇಕು. ಹವಳದ ಅಂಗಾಂಶದೊಳಗೆ ವಾಸಿಸುವ ಸೂಕ್ಷ್ಮ ಪಾಚಿಯೇ ಬೆಳಕಿನಿಂದ ಅದರ ಆಹಾರದ ಬಹುಭಾಗವನ್ನು ತಯಾರಿಸುತ್ತದೆ. ನೀರು 30 ಡಿಗ್ರಿ ದಾಟಿ ಅಲ್ಲಿಯೇ ನಿಂತರೆ ಹವಳ ಆ ಪಾಚಿಯನ್ನು ಹೊರಹಾಕಿ ಬೆಳ್ಳಗಾಗಬಹುದು. ಏಪ್ರಿಲಿನ ಒಣಗಾಳಿ ನಮ್ಮ ಕಡೆಯ ಅನುಕೂಲ. ತೊಟ್ಟಿಯ ಮೇಲ್ಮೈಗೆ ಸಣ್ಣ ಫ್ಯಾನ್ ಬೀಸುವಂತೆ ಇಟ್ಟರೆ, ಮಡಕೆಯ ನೀರು ತಣ್ಣಗಾಗುವ ಬಗೆಯಲ್ಲೇ, ಎರಡು ಮೂರು ಡಿಗ್ರಿ ಇಳಿಯುತ್ತದೆ. ಆದರೆ ದಿನಕ್ಕೆ ಮೂರು ಲೀಟರಿನಷ್ಟು ನೀರು ಆವಿಯಾಗಿ ಉಪ್ಪು ಒಳಗೇ ಉಳಿಯುತ್ತದೆ. ಎರಡು ದಿನ ಮರೆತರೆ 35 ಇದ್ದದ್ದು 36 ದಾಟುತ್ತದೆ. ಆದ್ದರಿಂದ ಗಾಜಿನ ಮೇಲೆ ಒಂದು ಗೆರೆ ಎಳೆದು, ದಿನವೂ ಅಲ್ಲಿಗೆ ಸೊನ್ನೆ ಟಿಡಿಎಸ್‌ನ ಸಿಹಿನೀರನ್ನೇ ತುಂಬಬೇಕು, ಉಪ್ಪುನೀರನ್ನಲ್ಲ. ಹುಳುಮನೆಯ ಹತ್ತಿರ ಸೊಳ್ಳೆಬತ್ತಿ ಹಚ್ಚದಂತೆ, ಕ್ರಿಮಿನಾಶಕ ಹೊಡೆದ ಬಟ್ಟೆಯಲ್ಲಿ ಒಳಗೆ ಬಾರದಂತೆ ನೋಡಿಕೊಳ್ಳುವ ಎಚ್ಚರ ತೊಟ್ಟಿಗೂ ಇರಲಿ. ಇವುಗಳಲ್ಲಿರುವ, ಹುಳುವನ್ನು ಕೊಲ್ಲುವ ಪೈರೆಥ್ರಾಯ್ಡ್ ಎಂಬ ವಿಷ ಮೀನನ್ನೂ ಸೀಗಡಿಯನ್ನೂ ಕೊಲ್ಲುತ್ತದೆ. ಕರೆಂಟು ಹೋದಾಗ ಮೀನಿಗೆ ಮೊದಲು ಕಡಿಮೆಯಾಗುವುದು ಆಮ್ಲಜನಕ. ಮನೆಯ ಯುಪಿಎಸ್‌ಗೆ ಒಂದೇ ಒಂದು ವೇವ್‌ಮೇಕರ್ ಸೇರಿಸಿದರೂ ರಾತ್ರಿ ಕಳೆಯುತ್ತದೆ.

ಮೊದಲ ಜೀವಿಗಳಾಗಿ ನಾಲ್ಕಾರು ಬಸವನಹುಳುಗಳನ್ನು, ಬಳಿಕ ಒಂದು ಜೋಡಿ ಕ್ಲೌನ್ ಮೀನುಗಳನ್ನು ತನ್ನಿ. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಕ್ಲೌನ್ ಮೀನನ್ನು ಮರಿ ಮಾಡಿಸುವ ವಿಧಾನವನ್ನು ರೂಪಿಸಿದೆ. ಹಾಗೆ ಸಾಕಣೆಯಲ್ಲಿ ಹುಟ್ಟಿದ ಮರಿಗಳನ್ನೇ ಕೇಳಿ, ಬಿಲ್ಲನ್ನೂ ಪಡೆಯಿರಿ. ಬೆಂಗಳೂರಿನಿಂದ ತರುವಾಗ ಚೀಲ ಥರ್ಮಾಕೋಲ್ ಪೆಟ್ಟಿಗೆಯಲ್ಲಿರಲಿ. ಮನೆಗೆ ಬಂದ ಮೇಲೆ ತೆಳು ನಳಿಕೆಗೆ ಒಂದು ಗಂಟು ಹಾಕಿ, ತೊಟ್ಟಿಯ ನೀರು ಸೆಕೆಂಡಿಗೆ ಎರಡು ಮೂರು ಹನಿಯಂತೆ ಮೀನಿರುವ ಬಕೆಟ್ಟಿಗೆ ಮುಕ್ಕಾಲು ಗಂಟೆ ಬೀಳುವಂತೆ ಮಾಡಿ, ಮೀನನ್ನಷ್ಟೇ ಎತ್ತಿ ಬಿಡಿ. ಅಂಗಡಿಯ ನೀರು ಒಳಗೆ ಹೋಗಬಾರದು. ಬಿಳಿಚುಕ್ಕೆ ರೋಗಕ್ಕೆ ತಾಮ್ರದ ಔಷಧ ಬೇಕಾದರೆ ಬೇರೆ ಟಬ್ಬಿನಲ್ಲಿ ಕೊಡಬೇಕು. ತಾಮ್ರ ಹವಳಕ್ಕೂ ಬಸವನಹುಳುವಿಗೂ ವಿಷ.

ಹವಳಕ್ಕೆ ಮೂರನೆಯ ತಿಂಗಳವರೆಗೆ ತಡೆಯಿರಿ. ಮಶ್ರೂಮ್, ಲೆದರ್, ಜೋವಾಂಥಸ್‌ನಂಥ ಮೆದು ಜಾತಿಗಳು ಕಲಿಯುವವರ ಕೈಗೆ ಹೊಂದುತ್ತವೆ. ಜೋವಾಂಥಸ್ ಗುಂಪಿನ ಕೆಲವು ಹವಳಗಳಲ್ಲಿ ಪಾಲಿಟಾಕ್ಸಿನ್ ಎಂಬ ಘೋರ ವಿಷವಿರುವುದರಿಂದ ಕೈಗವಸು, ಕನ್ನಡಕವಿಲ್ಲದೆ ಅವನ್ನು ಮುಟ್ಟಬೇಡಿ, ಅವು ಅಂಟಿದ ಬಂಡೆಯನ್ನು ಬಿಸಿನೀರಿಗೆ ಹಾಕಲೇಬೇಡಿ. ಹೊಸ ಹವಳವನ್ನು ಕೆಳಗೆ, ಮಂದ ಬೆಳಕಿನಲ್ಲಿ ಇಟ್ಟು ಎರಡು ವಾರದಲ್ಲಿ ಮೇಲಕ್ಕೆ ತನ್ನಿ. ನಮ್ಮ ಮನೆಯ ಮೊದಲ ಜೋವಾಂಥಸ್ ನಾಲ್ಕು ದಿನ ಮುಷ್ಟಿ ಬಿಗಿದ ಹಾಗೆ ಮುಚ್ಚಿಕೊಂಡಿತ್ತು. ಐದನೆಯ ಬೆಳಗ್ಗೆ ನೀಲಿ ದೀಪ ಹತ್ತಿದ ಹತ್ತು ನಿಮಿಷಕ್ಕೆ ಒಂದು ಮೊಗ್ಗು ಬಿಚ್ಚಿ, ಕಿತ್ತಳೆ ಬಣ್ಣದ ಬಾಯಿಯ ಸುತ್ತ ಹಸಿರು ಎಸಳುಗಳನ್ನು ಹರಡಿತು. ನಾನು ಕಾಫಿ ಲೋಟವನ್ನು ಕೈಯಲ್ಲಿ ಹಿಡಿದಂತೆಯೇ ಕುಕ್ಕರಗಾಲಿನಲ್ಲಿ ಕುಳಿತು ನೋಡಿದೆ.

ವಾರಕ್ಕೊಮ್ಮೆ ಹತ್ತನೆಯ ಒಂದು ಭಾಗ ನೀರನ್ನು ಬದಲಿಸಿ, ಆಲ್ಕಲಿನಿಟಿ (ಆಮ್ಲವನ್ನು ತಡೆದುಕೊಳ್ಳುವ ನೀರಿನ ಗುಣ) ಡಿಕೆಎಚ್ ಎಂಬ ಅಳತೆಯಲ್ಲಿ 8–9, ಕ್ಯಾಲ್ಸಿಯಂ 400–450 ಪಿಪಿಎಂ ಇರುವಂತೆ ನೋಡಿಕೊಂಡರೆ ಮೆದು ಹವಳಗಳಿಗೆ ಬೇರೆ ಔಷಧ ಬೇಡ. ಸಂಖ್ಯೆಗಳನ್ನು ದಿನಾಂಕದೊಂದಿಗೆ ಒಂದು ಪುಸ್ತಕದಲ್ಲಿ ಬರೆದಿಡಿ. ಊರಿಗೆ ಹೋಗುವಾಗ ದಿನದ ಆಹಾರವನ್ನು ಬೇರೆಬೇರೆ ಪೊಟ್ಟಣ ಕಟ್ಟಿ ಮೇಲೆ ವಾರದ ಹೆಸರು ಬರೆದು, ಉಳಿದ ಆಹಾರದ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ. ನಾವು ಇಲ್ಲದಾಗ ಪಕ್ಕದ ಮನೆಯ ಹುಡುಗ ಬಂದು ಗೆರೆಯವರೆಗೆ ಸಿಹಿನೀರು ತುಂಬಿ, ಆ ದಿನದ ಪೊಟ್ಟಣವನ್ನಷ್ಟೇ ಬಿಚ್ಚಿ ಹಾಕಿ ಹೋಗುತ್ತಾನೆ.