ಪಾಮ್ ರೀಸೆಟ್: ಯಾವುದು ಎಷ್ಟನ್ನು ಅಳಿಸುತ್ತದೆ

ಪಾಮ್ ಅಂಗೈ ಕಂಪ್ಯೂಟರಿನ ಪವರ್ ಗುಂಡಿ ಒತ್ತಿದರೆ ಅದು ಪೂರ್ತಿ ಆಫ್ ಆಗುವುದಿಲ್ಲ, ಮಲಗುತ್ತದೆ ಅಷ್ಟೆ. ಪರದೆ ಖಾಲಿಯಾದರೂ, ಕರೆಂಟು ಇರುವಷ್ಟು ಹೊತ್ತು ಮಾತ್ರ ನೆನಪಿಡುವ ಮೆಮೊರಿಯಾದ ರ‍್ಯಾಮ್‌ಗೆ ಕರೆಂಟು ಹರಿಯುತ್ತಲೇ ಇರುತ್ತದೆ. ಮತ್ತೆ ಒತ್ತಿದಾಗ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಅರ್ಧ ಬರೆದ ಮೆಮೊ ಹಾಗೇ ಕಾದಿರುತ್ತದೆ. ಆದ್ದರಿಂದ ಹ್ಯಾಂಗ್ ಆದ ಪಾಮ್ ಅನ್ನು ಆಫ್ ಮಾಡಿ ಆನ್ ಮಾಡಿದರೆ ಏನೂ ಬಗೆಹರಿಯದು. ನಿಜವಾದ ಸ್ಟಾರ್ಟ್ ಅಪ್ ಆಗುವುದು ರೀಸೆಟ್‌ನಲ್ಲಿ ಮಾತ್ರ.

1996ರ ಪೈಲಟ್‌ನಿಂದ ಶುರುವಾಗಿ ಹಲವು ವರ್ಷ ಈ ಯಂತ್ರಗಳಲ್ಲಿದ್ದದ್ದು ಮೊಟೊರೋಲಾದ ಡ್ರ್ಯಾಗನ್‌ಬಾಲ್ ಪ್ರೊಸೆಸರ್. ರೀಸೆಟ್ ಆದ ತಕ್ಷಣ ಅದು ಸೊನ್ನೆಯ ವಿಳಾಸದಿಂದ ಮೊದಲ 4 ಬೈಟ್ ಓದಿ ಸ್ಟ್ಯಾಕ್ (ಪ್ರೊಸೆಸರ್ ತನ್ನ ತಾತ್ಕಾಲಿಕ ಲೆಕ್ಕ ಇಡುವ ಜಾಗ) ಎಲ್ಲಿದೆಯೆಂದು ತಿಳಿಯುತ್ತದೆ, ಮುಂದಿನ 4 ಬೈಟ್‌ನಿಂದ ಯಾವ ಕೋಡ್‌ಗೆ ಹೋಗಬೇಕೆಂದು ತಿಳಿಯುತ್ತದೆ. ಆ ಕ್ಷಣದಲ್ಲಿ ಅಲ್ಲಿ ಕಾಣಿಸುವುದು ರ‍್ಯಾಮ್ ಅಲ್ಲ, ರ‍್ಯಾಮ್‌ಗಿಂತ ಮೊದಲೇ ಸಿದ್ಧವಿರುವ ಶಾಶ್ವತ ಮೆಮೊರಿಯಾದ ರೋಮ್. ಅಲ್ಲಿಂದ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶವಾದ ಪಾಮ್ ಓಎಸ್ ಎದ್ದು ರ‍್ಯಾಮ್ ಅನ್ನು ಹೊಂದಿಸಿಕೊಳ್ಳುತ್ತದೆ. ಕೊನೆಗೆ ಒಂದೊಂದು ಪ್ರೋಗ್ರಾಮಿಗೂ ‘ರೀಸೆಟ್ ಆಗಿದೆ’ ಎಂಬ ಸಂದೇಶ ಕಳಿಸುತ್ತದೆ. ಈ ಕೊನೆಯ ಹೆಜ್ಜೆಯನ್ನು ನೆನಪಿಡಿ, ಅರ್ಧ ತೊಂದರೆಗಳ ಬೇರು ಇಲ್ಲೇ ಇದೆ.

ರ‍್ಯಾಮ್‌ನಲ್ಲಿ ಎರಡು ಪಾಲು. ಪ್ರೋಗ್ರಾಮ್ ಓಡುವಾಗ ಬಳಸುವ ತಾತ್ಕಾಲಿಕ ಜಾಗ ಒಂದು. ನಿಮ್ಮ ವಿಳಾಸ, ದಿನಚರಿ, ಹಾಕಿಕೊಂಡ ಪ್ರೋಗ್ರಾಮ್‌ಗಳು ಇರುವ ಉಗ್ರಾಣ ಇನ್ನೊಂದು.

ಸಾಫ್ಟ್ ರೀಸೆಟ್ ಮೊದಲನೆಯದನ್ನು ಮಾತ್ರ ಒರೆಸುತ್ತದೆ. ಹಿಂಬದಿಯ ಸಣ್ಣ ತೂತಿನೊಳಗೆ ಬಿಡಿಸಿದ ಜೆಮ್ ಕ್ಲಿಪ್‌ನ ತುದಿ ಇಟ್ಟು ಮೆಲ್ಲಗೆ ಒತ್ತಿ, ಬಿಡಿ. ಸೂಜಿ, ಗುಂಡುಪಿನ್ ಬೇಡ. ಚೂಪು ತುದಿಯಿಂದ ಒಳಗಿನ ಸ್ವಿಚ್ಚು ಹಾಳಾಗಬಹುದು. ಡೇಟಾ ಅಲ್ಲಾಡುವುದಿಲ್ಲ, ಧೈರ್ಯವಾಗಿ ಮಾಡಿ.

ಲೋಗೊ ಬಂದು, ಮತ್ತೆ ಕ್ರ್ಯಾಷ್ ಆಗಿ, ಮತ್ತೆ ಲೋಗೊ ಬರುತ್ತಿದ್ದರೆ? ರೀಸೆಟ್ ಸಂದೇಶ ಸಿಕ್ಕಿದೊಡನೆ ಯಾವುದೋ ಪ್ರೋಗ್ರಾಮ್ ಮುಗ್ಗರಿಸುತ್ತಿದೆ ಎಂದರ್ಥ. ಇದಕ್ಕೆ ವಾರ್ಮ್ ರೀಸೆಟ್: ಸ್ಕ್ರೋಲ್‌ನ ಮೇಲ್ಗುಂಡಿ ಹಿಡಿದುಕೊಂಡೇ ರೀಸೆಟ್ ಒತ್ತಿ ಬಿಡಿ, ಲೋಗೊ ಬಂದ ಮೇಲೆ ಮೇಲ್ಗುಂಡಿಯನ್ನೂ ಬಿಡಿ. ಈಗ ಆ ಸಂದೇಶ ಹೋಗುವುದಿಲ್ಲ, ಯಂತ್ರ ಸುಮ್ಮನೆ ಎದ್ದು ನಿಲ್ಲುತ್ತದೆ. ಕೂಡಲೇ ಇತ್ತೀಚೆಗೆ ಹಾಕಿದ ಪ್ರೋಗ್ರಾಮ್ ಅಳಿಸಿ, ನಂತರ ಒಂದು ಸಾಫ್ಟ್ ರೀಸೆಟ್ ಮಾಡಿ. ಬಹಳ ಜನ ಈ ಮೆಟ್ಟಿಲು ಹಾರಿ ನೇರ ಹಾರ್ಡ್ ರೀಸೆಟ್‌ಗೆ ಹೋಗಿ ಸುಮ್ಮನೆ ಎಲ್ಲ ಕಳೆದುಕೊಳ್ಳುತ್ತಾರೆ.

ಹಾರ್ಡ್ ರೀಸೆಟ್ ಉಗ್ರಾಣವನ್ನೇ ಬರಿದು ಮಾಡುತ್ತದೆ. ಪವರ್ ಗುಂಡಿ ಹಿಡಿದುಕೊಂಡು ರೀಸೆಟ್ ಒತ್ತಿ ಬಿಡಿ, ಲೋಗೊ ಕಂಡಾಗ ಪವರ್ ಬಿಡಿ. ಡೇಟಾ ಅಳಿಸಬೇಕೇ ಎಂಬ ಎಚ್ಚರಿಕೆ ಬರುತ್ತದೆ. ಮೇಲ್ಗುಂಡಿ ಒತ್ತಿದರೆ ಎಲ್ಲ ಹೋಯಿತು; ಬೇರೆ ಯಾವ ಗುಂಡಿ ಒತ್ತಿದರೂ ಬರೀ ಸಾಫ್ಟ್ ರೀಸೆಟ್ ಆಗುತ್ತದೆ. ಮನಸ್ಸು ಬದಲಾಯಿಸಲು ಇದೇ ಕೊನೆಯ ಅವಕಾಶ.

ಅನಂತರ ಡೇಟಾ ವಾಪಸ್ ತರಲು ಹಾಟ್‌ಸಿಂಕ್ (ಪಾಮ್ ಮತ್ತು ಕಂಪ್ಯೂಟರಿನ ಡೇಟಾ ಹೊಂದಿಸುವುದು) ಮಾಡುವಾಗ ಆತುರಪಡಬೇಡಿ. ಕಂಪ್ಯೂಟರಿನ ಹಾಟ್‌ಸಿಂಕ್ ಮ್ಯಾನೇಜರ್‌ನಲ್ಲಿ ಕಸ್ಟಮ್ ತೆರೆದು, ಪ್ರತಿಯೊಂದಕ್ಕೂ ಡೆಸ್ಕ್‌ಟಾಪ್‌ನದು ಹ್ಯಾಂಡ್‌ಹೆಲ್ಡ್ ಮೇಲೆ ಬರೆಯುವಂತೆ ಆರಿಸಿ. ದಿಕ್ಕು ತಿರುಗಾಮುರುಗಾ ಆದರೆ ಖಾಲಿ ಪಾಮ್ ಬಂದು ಕಂಪ್ಯೂಟರಿನ ಪ್ರತಿಯನ್ನೂ ಖಾಲಿ ಮಾಡುತ್ತದೆ. ಬಳಕೆದಾರರ ಹೆಸರು ಕೇಳಿದಾಗ ಹಳೆಯದನ್ನೇ ಆರಿಸಿ. ಇನ್ನೊಂದು: ತೊಂದರೆ ಕೊಟ್ಟ ಪ್ರೋಗ್ರಾಮ್ ನಿಮ್ಮ ಹೆಸರಿನ ಫೋಲ್ಡರ್‌ನೊಳಗಿನ ಬ್ಯಾಕಪ್ ಫೋಲ್ಡರ್‌ನಲ್ಲಿ ಉಳಿದಿರುತ್ತದೆ. ಸಿಂಕ್‌ಗೆ ಮೊದಲೇ ಅದನ್ನು ಅಲ್ಲಿಂದ ತೆಗೆಯಿರಿ, ಇಲ್ಲವಾದರೆ ಅದೇ ವಾಪಸ್ ಬಂದು ಕೂರುತ್ತದೆ.

ಗುಂಡಿ ಮುಟ್ಟದೆಯೂ ಎಲ್ಲ ಅಳಿಸಿಹೋಗುವುದುಂಟು, ಬ್ಯಾಟರಿ ಪೂರ್ತಿ ಬರಿದಾದರೆ. ಪಾಮ್ ತ್ರೀಯಂಥ ಮಾದರಿಗಳಲ್ಲಿ 2 ಎಎಎ ಸೆಲ್ ಬದಲಿಸುವ ಮುನ್ನ ಸಿಂಕ್ ಮಾಡಿ, ಆಫ್ ಮಾಡಿ, ಹೊಸ ಸೆಲ್ ಕೈಯಲ್ಲಿಟ್ಟುಕೊಂಡೇ ಹಳೆಯದನ್ನು ತೆಗೆಯಿರಿ. ಒಂದು ನಿಮಿಷದೊಳಗೆ ಮುಗಿಸಿ. 2004ರ ಟಂಗ್‌ಸ್ಟನ್ ಟಿ5, ಟ್ರಿಯೊ 650ಗಳಲ್ಲಿ ಡೇಟಾ ಫ್ಲ್ಯಾಶ್ ಮೆಮೊರಿಯಲ್ಲಿರುವುದರಿಂದ ಚಾರ್ಜ್ ಮುಗಿದರೂ ಉಳಿಯುತ್ತದೆ. ಹಾರ್ಡ್ ರೀಸೆಟ್ ಮಾತ್ರ ಅಲ್ಲೂ ಉಗ್ರಾಣವನ್ನು ಬರಿದು ಮಾಡುತ್ತದೆ.